ಎರ್ರಜ್ಜಿ ರಾಟೆಯೂ ಕೊಳಾಯೀಲಿ ಬಂದ ಕರೆಂಟೂ

ಏಯ್ ಓಬಕ್ಕೋ, ಆ ಕಡೆ ಬಾಗ್ಲು ಸಂದೀಲಿ ನಿಂತಿರೋ ಮುನಿಯಕ್ಕೋ, ಬೀದಿ ತುದೀಲಿ ಬೈಕ್ ಒರೆಸ್ಕಂಡು ಕೂತಿರೋ ಸುಬ್ಬರಾಯಪ್ಪೋ, ಒಂಚೂರು ಇತ್ತಾಗೆ ಕಿವಿ ಕೊಡ್ರಪ್ಪ. ಫೋನ್ ಸೌಂಡು ಕಮ್ಮಿ ಮಾಡ್ಕಳಿ. ಅರ್ಧ ಕೇಳಿ ಉಳಿದಿದ್ದು ಆಮೇಲೆ ಅನ್ನೋರು ಈಗ್ಲೇ ಒಳಕ್ಕೆ ಹೋಗ್ಬುಡಿ, ಅರ್ಧ ಕೇಳಿದ್ರೆ ನೀವೂ ಎರ್ರಜ್ಜೀನ ಕಳ್ಳಿ ಅಂತೀರ.

ಎರ್ರಜ್ಜಿ ಅಂದ್ರೆ ಯಾರು ಅಂತ ಮೊದ್ಲು ಹೇಳ್ಬುಡ್ತೀನಿ. ನಮ್ತಾತ ಆಂಜನಪ್ಪ, ಕಲ್ಯಾಣದುರ್ಗದಾಗೆ ಮಗ್ಗ ಇಕ್ಕಂಡಿದ್ರಲ್ಲ, ಅವರ ಒಡಹುಟ್ಟಿದ ತಂಗಿ ಎರ್ರಮ್ಮ. ನಮ್ಗೆ ಎರ್ರಜ್ಜಿ. ಸಣ್ಣ ಆಳು, ಮೂಗಿಗೆ ಎರಡೂ ಕಡೆ ಬೊಟ್ಟು, ಕಣ್ಣು ಮಾತ್ರ ಯಾವಾಗ್ಲೂ ಇನ್ನೊಬ್ರ ಕೈ ಮೇಲೆ. ಯಾರಾದ್ರೂ ಕಾಪಿ ಕೊಟ್ರೆ ಅವರು ಒಂದು ಗುಟುಕು ಕುಡಿದ ಮೇಲೇನೇ ಈಯಮ್ಮ ಲೋಟ ಎತ್ತೋದು. ಬೀದೀಲಿ ಯಾರಾದ್ರೂ ನಕ್ಕರೆ ತನ್ನ ಸೀರೆ ಅಂಚು ನೋಡ್ಕಳೋಳು.

ಆ ಬುದ್ಧಿ ಸುಮ್ನೆ ಬಂದಿದ್ದಲ್ಲ. ನಮ್ಮ ಮಗ್ಗದೋರ ಬದುಕೇ ಹಂಗೆ. ಸಾವ್ಕಾರ ರೇಷ್ಮೆ ತೂಕ ಹಾಕಿ ಕೊಡ್ತಾನೆ, ಸುತ್ತಿ ವಾಪಸ್ ತಂದ್ರೆ ತಿರ್ಗ ತೂಕ ಹಾಕ್ತಾನೆ. ಕಮ್ಮಿ ಬಂದ್ರೆ ಕದ್ದೆ ಅಂತಾನೆ, ಸರಿ ಬಂದ್ರೆ ನೀರು ಚಿಮುಕಿಸಿದೀಯ ಅಂತಾನೆ. ಹುಟ್ಟಿದಾಗಿಂದ ತಕ್ಕಡಿ ಮುಂದೆ ನಿಂತೋರು ಇನ್ನೊಬ್ರನ್ನ ನಂಬೋದು ಎಲ್ಲಿ ಕಲೀತಾರೆ?

ಮದ್ವೆ ಆದ ಗಂಡ ಸೂರತ್ತಲ್ಲಿ ಮಗ್ಗದ ಕೆಲ್ಸ ಐತೆ ಅಂತ ರೈಲು ಹತ್ತಿದೋನು ಅಲ್ಲೇ ಇನ್ನೊಂದು ಸಂಸಾರ ಕಟ್ಕಂಡ. ಎರ್ರಜ್ಜಿ ಅಣ್ಣನ ಮನೆಗೆ ಬಂದು ಪಡಸಾಲೇಲಿ ಚಾಪೆ ಹಾಕ್ಕಂಡ್ಳು. ಅಲ್ಲಿ ಅತ್ತಿಗೆ ಚಿನ್ನಕ್ಕ. ನಮ್ಮಜ್ಜೀನೇ, ಸುಳ್ಳು ಯಾಕೆ ಹೇಳ್ಲಿ. ನಮ್ಮಜ್ಜಿ ಹೊರಗೆ ಹೋಗುವಾಗ ಅಕ್ಕಿ ಡಬ್ಬದಾಗೆ ಅಕ್ಕಿ ಮಟ್ಟ ಮಾಡಿ ಬೆರಳಲ್ಲಿ ಒಂದು ಗೀಟು ಎಳೆದು ಹೋಗೋಳು, ಯಾರಾದ್ರೂ ತೆಗೆದ್ರೆ ಗೊತ್ತಾಗ್ಲಿ ಅಂತ. ಎರ್ರಜ್ಜಿ ಅಕ್ಕಿ ಮುಟ್ತಿರ್ಲಿಲ್ಲ. ಆ ಗೀಟಿನ ಪಕ್ಕದಾಗೆ ಇನ್ನೊಂದು ಗೀಟು ಎಳೆದು ಮುಚ್ಚಳ ಹಾಕೋಳು. ಅತ್ತಿಗೆ ನಾದಿನಿ ಮಾತಾಡ್ತಿದ್ದಿದ್ದೇ ಹಂಗೆ.

ಒಂದಿನ ಬಾವಿ ಮೆಟ್ಲಲ್ಲಿ ಜಾರಿ ಬಲಗೈ ಮೊಣಕೈ ಮುರೀತು. ಕಟ್ಟು ಕಟ್ಟಿಸಿದ್ರೂ ಸೊಟ್ಟ ಕೂತ್ಕಂತು. ರಾಟೆ ತಿರುಗಿಸಿ ಕಂಡಿಕೆಗೆ, ಅದೇ ಸಣ್ಣ ಕೊಳವೆಗೆ, ನೂಲು ಸುತ್ತೋದೇ ಆಕೆ ಕೆಲ್ಸ, ಅದೇ ಕೈ ಹೋಯ್ತು. ಆವಾಗ ಹಿಂದೂಪುರದಾಗೆ ಯಾರೋ ಹೊಲಿಗೆ ಮಿಷಿನ್ ಮೋಟ್ರನ್ನ ಬೆಲ್ಟು ಹಾಕಿ ರಾಟೆಗೆ ಕಟ್ಟವ್ರೆ ಅಂತ ಕೇಳಿ ಹೋಗಿ ನೋಡಿದ್ಳು, ನೋಡಿ ತಾನೂ ಒಂದು ಕಟ್ಟಿಸ್ಕಂಡ್ಳು. ವಾಪಸ್ ಕಲ್ಯಾಣದುರ್ಗಕ್ಕೆ ಬರ್ಲಿಲ್ಲ. ಹಿಂದೂಪುರದಾಗೇ ಒಂದು ರೂಮು ಹಿಡಿದ್ಳು. ಒಂದು ಸೀಮೆಎಣ್ಣೆ ಸ್ಟೌವು, ಒಂದು ಬೀಗ, ಬೀಗದ ಕೈ ತಾಳಿ ಸರದಾಗೆ. "ನನ್ ಅನ್ನ ನಾನು ಬೇಯಿಸ್ಕಂತೀನಿ, ಎಷ್ಟು ಬೆಂದೈತೆ ಅಂತ ಯಾರೂ ಮುಚ್ಚಳ ತೆಗೆದು ನೋಡಲ್ಲ" ಅನ್ನೋಳು. ಅದೇ ಆಕೆ ಆಸ್ತಿ.

ರೂಮಿದ್ದಿದ್ದು ನರಸಿಂಹಪ್ಪನ ಬಿಲ್ಡಿಂಗಲ್ಲಿ. ನರಸಿಂಹಪ್ಪ ಬೆಲ್ಲದ ವ್ಯಾಪಾರಿ. ಮೂರೇ ಅಂತಸ್ತು, ಆದ್ರೂ ಯಾರಾದ್ರೂ ಮನೆ ಅಂದ್ರೆ ಸಿಟ್ಟು ಬರೋದು. "ಮನೆ ಅಲ್ಲಮ್ಮ, ಅಪಾರ್ಟ್‌ಮೆಂಟು" ಅನ್ನೋರು. ಮೇಲಿನ ಅಂತಸ್ತಲ್ಲಿ ಅವ್ರು, ಅವ್ರ ಹೆಂಡ್ತಿ ರಾಮಾಂಜಿನಮ್ಮ. ಮಧ್ಯದಾಗೆ ಬಸ್ ಕಂಡಕ್ಟ್ರು ಗೋವಿಂದಪ್ಪ, ಹೆಂಡ್ತಿ ಆದಿಲಕ್ಷ್ಮಿ. ಕೆಳಗೆ ಒಂದು ಕಡೆ ಬೆಲ್ಲದ ಗೋಡೌನು, ಇನ್ನೊಂದು ಕಡೆ ಎರ್ರಜ್ಜಿ.

ಇದು ತೊಂಬತ್ಮೂರೋ ತೊಂಬತ್ನಾಲ್ಕೋ. ಸಿಲಿಂಡರು ಅಡಿಗೆಮನೇಲಿ ಇದ್ರೆ ಭಯ ಅಂತ ನರಸಿಂಹಪ್ಪ ಹಿತ್ಲಾಗೆ ಒಂದು ಜಾಲರಿ ಗೂಡು ಕಟ್ಸಿ, ಸಿಲಿಂಡರೆಲ್ಲ ಅಲ್ಲಿ ಇಡ್ಸಿ, ಅಲ್ಲಿಂದ ಕಬ್ಬಿಣದ ಪೈಪು ನೆಲದೊಳಗೆ ಹೂತು, ಗೋಡೆ ಹತ್ತಿಸಿ ಎರಡು ಮನೆ ಒಲೆ ತಂಕ ತಂದಿದ್ರು. ಅದ್ರ ಪಕ್ಕದಾಗೇ ಮೇಲಿನ ಟ್ಯಾಂಕಿಂದ ಇಳಿಯೋ ನೀರಿನ ಪೈಪು. ಅಡಿಗೆಮನೇಲಿ ಆ ಎರಡು ಪೈಪು ಜಗಳ ಆಡಿದ ಗಂಡ ಹೆಂಡ್ತಿ ಥರ ಅಕ್ಕಪಕ್ಕ ನಿಂತಿದ್ವು, ಒಂದಕ್ಕೊಂದು ಸಂಬಂಧ ಇಲ್ಲ. ಎರ್ರಜ್ಜಿ ರೂಮಿಗೆ ಗ್ಯಾಸ್ ಇಲ್ಲ, ಕೊಳಾಯಿನೂ ಇಲ್ಲ. ಹಿತ್ಲ ತೊಟ್ಟಿಯಿಂದ ಬಿಂದಿಗೇಲಿ ತಗಂಡು ಹೋಗ್ಬೇಕು.

ಎರ್ರಜ್ಜಿ ಹಸಿ ರೇಷ್ಮೆ ಲಡಿಗಳ್ನ ಸೋಪು ಸೋಡಾ ಹಾಕಿ ಬೇಯಿಸಿ, ಅಂಟು ಬಿಡಿಸಿ, ಒಣಗಿಸಿ ಆಮೇಲೆ ಸುತ್ತೋಳು. ಬೇಯಿಸಿದ ನೀರನ್ನ ದಿನಾ ಹಿತ್ಲ ಮೂಲೆಗೆ ಚೆಲ್ಲೋಳು. ಹುಳದ ವಾಸ್ನೆ ಬರ್ತದೆ, ಬರಲ್ಲ ಅನ್ನಂಗಿಲ್ಲ. ಉಗಾದಿ ಮುಂದೆ ರಾಮಾಂಜಿನಮ್ಮ ಮೆಟ್ಲು ಮೇಲೆ ನಿಂತ್ಕಂಡು ಹೇಳಿದ್ರು.

"ಎರ್ರಮ್ಮಾ, ಆ ನೀರು ಇನ್ಮೇಲೆ ಹಿತ್ಲಾಗೆ ಚೆಲ್ಬೇಡ. ನಮ್ಮ ದೇವ್ರ ಮನೆ ಕಿಟಕೀಗೆ ವಾಸ್ನೆ ಹೊಡೀತದೆ."

"ನೀವು ಪೂಜೆಗೆ ಉಡೋ ಸೀರೇನೂ ಅದೇ ಹುಳದ್ದೇ ಅಲ್ವಾ ಅಕ್ಕಯ್ಯ."

"ಉಟ್ಟಾಗ ಹುಳ ಕಾಣ್ಸಲ್ಲ ಕಣಮ್ಮ. ಬೀದಿ ಮೋರಿಗೆ ಹೊತ್ತಾಕು."

ಸೊಟ್ಟ ಕೈಯಲ್ಲಿ ಬೀದಿ ಮೋರಿ ತಂಕ ಹೊತ್ಕಂಡು ಹೋಗೋಳು. ಹಿತ್ಲು ಒಣಗ್ತು. ನಮ್ಕಡೆ ಬಿಸ್ಲು ಗೊತ್ತಲ್ಲ, ಚೈತ್ರದಾಗೇ ನೆಲ ಬಿರುಕು ಬಿಡ್ತದೆ.

ಉಗಾದಿ ಆಯ್ತು. ಒಂದು ಬೆಳಿಗ್ಗೆ ಆದಿಲಕ್ಷ್ಮಿ ಎಡಗೈಯಲ್ಲಿ ಗ್ಯಾಸ್ ಪೈಪಿನ ಕೀಲಿ ತಿರುಗಿಸ್ತಾ ಬಲಗೈಯಲ್ಲಿ ಕೊಳಾಯಿ ಬಿಟ್ಟವ್ಳೆ. ಜುಮ್ ಅಂತ ಭುಜದ ತಂಕ ಹತ್ತೈತೆ. ಕೂಗಿದ್ಕೆ ಗೋವಿಂದಪ್ಪ ಹಲ್ಲುಪುಡಿ ಬಾಯಲ್ಲೇ ಇಕ್ಕಂಡು ಓಡಿಬಂದು ಕೊಳಾಯಿ ಹಿಡಿದ. ಏನೂ ಇಲ್ಲ.

"ಎಲ್ಲೈತೆ ಕರೆಂಟು? ಎದ್ದು ಅಡಿಗೆ ಮಾಡಕ್ಕೆ ಬೇಜಾರು ಅಂತ ಹೇಳು, ಒಪ್ಕಂತೀನಿ."

"ಎರಡು ಕೈಯಲ್ಲಿ ಹಿಡ್ಕಂಡು ನೋಡಿ ಅಂದ್ರೆ."

"ಎರಡು ಕೈಲೂ ಕೊಳಾಯಿ ಹಿಡ್ದಿವ್ನಿ ನೋಡು. ಇನ್ನೇನು ಕಾಲಲ್ಲೂ ಹಿಡೀಲಾ?"

ಗ್ಯಾಸ್ ಪೈಪು ಹಿಡೀಬೇಕು ಅಂತ ಅವ್ನಿಗೆ ತಿಳೀಲಿಲ್ಲ, ಅವ್ಳಿಗೂ ಸರಿಯಾಗಿ ಹೇಳಕ್ಕೆ ಬರ್ಲಿಲ್ಲ. ಗಂಡಸ್ರು ಅಡಿಗೆಮನೆಗೆ ಹೋದ್ರೆ ಕೈ ತೊಳ್ದು ಬತ್ತಾರೆ ಅಷ್ಟೇ, ಒಲೆ ಮುಟ್ಟಲ್ಲ. ಅದ್ಕೇ ಅವ್ರಿಗೆ ಹೊಡೀತಿರ್ಲಿಲ್ಲ. ಹೆಂಗಸ್ರು ಸುಳ್ಳು ಹೇಳ್ತಾವ್ರೆ ಅಂತ ವಾರಗಟ್ಲೆ ನಡೀತು. ಆಮೇಲೆ ಮೇಲೆ ರಾಮಾಂಜಿನಮ್ಮಂಗೂ ಹೊಡೀತು, ಹಾಲಿನ ಪಾತ್ರೆ ನೆಲಕ್ಕೆ ಬಿತ್ತು. ಇನ್ನೊಂದಿನ ಆದಿಲಕ್ಷ್ಮಿ ಕೈಯಲ್ಲಿದ್ದ ಸ್ಟೀಲ್ ಬಿಂದಿಗೆ ಒಂದು ಕಡೆ ಕೊಳಾಯಿಗೂ ಇನ್ನೊಂದು ಕಡೆ ಗ್ಯಾಸ್ ಪೈಪಿಗೂ ತಗುಲಿ ಚಿಟ್ ಅಂತ ಕಿಡಿ ಹಾರ್ತು. ಗೋವಿಂದಪ್ಪ ಎದುರಿಗೇ ಇದ್ದ. ಗ್ಯಾಸ್ ಪೈಪಿನ ಮೇಲೆ ಕಿಡಿ. ಅವತ್ತಿಂದ ಅವ್ನ ನಗು ನಿಂತೋಯ್ತು.

ಕರೆಂಟ್ ಮುನೆಪ್ಪನ್ನ ಕರೆಸಿದ್ರು. ಬಿಲ್ಡಿಂಗಿನ ವೈರಿಂಗೆಲ್ಲ ಅವ್ನದೇ. ಟೆಸ್ಟರನ್ನ ಪೆನ್ನಿನ ಥರ ಜೇಬಿಗೆ ಸಿಗಿಸ್ಕಂಡು ಬರೋನು, ಮಾತಿಗೆ ಮುಂಚೆ ಗಂಟ್ಲು ಸರಿ ಮಾಡ್ಕಳೋನು. ಮೇಲೆ ಹೋದ, ಮಧ್ಯ ನಿಂತ, ಕೆಳಗೆ ಬಂದ. ಎರ್ರಜ್ಜಿ ರೂಮಲ್ಲಿ ಮೋಟ್ರು ಗುಯ್ ಅಂತಿತ್ತು.

"ಸಿಕ್ತು ಬುಡಿ" ಅಂದ. "ಈ ಮೋಟ್ರು. ಮೀಟ್ರು ತಿರುಗಬಾರ್ದು ಅಂತ ಕೆಲವ್ರು ಒಂದು ವೈರು ನೀರಿನ ಪೈಪಿಗೆ ಕಟ್ಬುಡ್ತಾರೆ. ಆ ಕರೆಂಟು ಪೈಪು ಹಿಡ್ಕಂಡು ಮೇಲಿನೋರ ಕೈಗೆ ಬತ್ತದೆ."

"ನನ್ ರೂಮಲ್ಲಿ ನೀರಿನ ಪೈಪೇ ಇಲ್ವಲ್ಲೋ."

"ಗೋಡೆಯೊಳಗೆ ಇರ್ತದೆ ಕಣಮ್ಮ. ನಿಂಗೆಂಗೆ ಕಾಣ್ತದೆ?"

"ನಂಗೇ ಕಾಣ್ದಿದ್ದು ನಾನೆಂಗ್ಲಾ ಕಟ್ಟಿದೆ?"

ಮುನೆಪ್ಪ ಗಂಟ್ಲು ಸರಿ ಮಾಡ್ಕಂಡ. ಆದಿಲಕ್ಷ್ಮಿ ಮಧ್ಯ ಬಂದ್ಳು. "ಎರ್ರಕ್ಕ, ಬೇಜಾರು ಮಾಡ್ಕಬೇಡ, ಒಂದು ಮಾತು ಕೇಳ್ತೀನಿ. ನಮ್ಗೆಲ್ಲ ಹೊಡೀತದೆ. ನಿಂಗೆ ಮಾತ್ರ ಒಂದಿನಾನೂ ಹೊಡೆದಿಲ್ಲ. ಅದ್ಯಾಕೆ?"

ಎರ್ರಜ್ಜಿ ತನ್ನ ಎರಡು ಅಂಗೈ ತಿರುಗಿಸಿ ನೋಡ್ಕಂಡ್ಳು. ಅನುಮಾನ ಅಂದ್ರೆ ಹಂಗೇ ಕಣ್ರಪ್ಪ, ಹೊಡೆಸ್ಕಂಡಿಲ್ಲ ಅನ್ನೋದೇ ತಪ್ಪಾಗ್ಬುಡ್ತದೆ.

ಆಮೇಲೆ ಚೈತ್ರದ ಅಮಾವಾಸ್ಯೆ ಬಂತು. ನಮ್ಮೋರು ಅಮಾವಾಸ್ಯೆ ದಿನ ಮಗ್ಗ ಮುಟ್ಟಲ್ಲ, ರಾಟೆ ಮುಟ್ಟಲ್ಲ. ನೂಲಿಗೂ ಒಂದಿನ ಬಿಡುವು ಕೊಡ್ಬೇಕು ಅಂತ, ಎಷ್ಟೇ ಅವಸರದ ಸೀರೆ ಇದ್ರೂ ಸರಿ, ಯಾರೂ ಕೂರಲ್ಲ. ಎರ್ರಜ್ಜಿ ರಾಟೆ ಒರೆಸಿ, ಕುಂಕುಮ ಇಕ್ಕಿ, ಬಟ್ಟೆ ಮುಚ್ಚಿದ್ಳು. ಅವತ್ತು ಬೆಳಿಗ್ಗೆಯಿಂದ ಸಾಯಂಕಾಲದ ತಂಕ ಮೇಲೆ ಎರಡು ಅಡಿಗೆಮನೇಲೂ ಒಂದು ಸಲಾನೂ ಜುಮ್ ಅನ್ಲಿಲ್ಲ.

ಇನ್ನೇನು ಬೇಕು? ನರಸಿಂಹಪ್ಪ ಮೆಟ್ಲಿಳಿದು ಬಂದ್ರು.

"ನೋಡಮ್ಮ, ನಾನು ಜಗಳ ಆಡೋನಲ್ಲ. ನಿನ್ ಮೋಟ್ರು ನಿಂತ್ರೆ ಕರೆಂಟು ನಿಲ್ತದೆ. ಗ್ಯಾಸ್ ಪೈಪು ಐತೆ, ಒಂದು ಕಿಡಿ ಸಾಕು ನಾವೆಲ್ಲ ಬೂದಿ ಆಗಕ್ಕೆ. ಮುಂದಿನ ಅಮಾವಾಸ್ಯೆಗೆ ಖಾಲಿ ಮಾಡು. ನಿಮ್ಮಣ್ಣಂಗೆ ಗೋವಿಂದಪ್ಪನ ಕೈಲಿ ಹೇಳಿ ಕಳಿಸಿವ್ನಿ."

ಗೋವಿಂದಪ್ಪ ಹೋಗೋ ಬಸ್ಸು ಕಲ್ಯಾಣದುರ್ಗದ ರೂಟು. ಟಿಕೆಟ್ ಜೊತೆ ಸುದ್ದೀನೂ ಹರಿದು ಕೊಡೋನು ಅವ್ನು. ನಮ್ತಾತನಿಗೆ ಮಗ್ಗ ಬಿಟ್ಟು ಬರಕ್ಕೆ ಆಗೋದೇ ಅಮಾವಾಸ್ಯೆ ದಿನ, ಅದ್ಕೇ ಆ ಗಡುವು. ಸುದ್ದಿ ಕೇಳಿದ ಚಿನ್ನಕ್ಕಜ್ಜಿ ಆಗ್ಲೇ ಪಡಸಾಲೆ ಗುಡಿಸಿ ಚಾಪೆ ತೆಗೆದಿಟ್ಟವ್ಳೆ ಅಂತ ಗೋವಿಂದಪ್ಪನೇ ವಾಪಸ್ ಬಂದು ಹೇಳಿದ. ಎರ್ರಜ್ಜಿ ಆ ರಾತ್ರಿ ಬೀಗದ ಕೈ ಮುಷ್ಟೀಲಿ ಹಿಡ್ಕಂಡೇ ಮಲಗಿದ್ಳು. ಬೀಗ ಹೋಯ್ತದೆ, ಸ್ಟೌವು ಹೋಯ್ತದೆ, ತಿರ್ಗ ಆ ಗೀಟು ಎಳೆದ ಅಕ್ಕಿ.

ಆಮೇಲಿಂದ ಈಯಮ್ಮ ಎಲ್ರ ಮೇಲೂ ಕಣ್ಣಿಟ್ಳು. ಮೊದ್ಲು ಆದಿಲಕ್ಷ್ಮಿ ಮೇಲೆ, ತನ್ನ ತಮ್ಮಂಗೆ ಈ ರೂಮು ಬೇಕು ಅಂತ ನಾಟಕ ಆಡ್ತಾವ್ಳೆ ಅಂತ. ಆದ್ರೆ ಆ ಕಿಡೀನ ಗೋವಿಂದಪ್ಪನೂ ಕಣ್ಣಾರೆ ನೋಡಿದ್ದ. ಆಮೇಲೆ ನರಸಿಂಹಪ್ಪ, ಬೆಲ್ಲದ ಗೋಡೌನು ದೊಡ್ಡದು ಮಾಡ್ಬೇಕು ಅಂತ. ಆದ್ರೆ ಸ್ವಂತ ಹೆಂಡ್ತಿಗೆ ಕರೆಂಟು ಹೊಡೆಸಿ ಯಾರು ಗೋಡೌನು ಕಟ್ತಾರೆ? ಮೇಲಿನೋರು ಜುಮ್ ಅಂದ ತಕ್ಷಣ ನೆಲಕ್ಕೆ ಒನಕೇಲಿ ಕುಟ್ಟೋರು. ಈಯಮ್ಮ ಮೋಟ್ರು ಆರಿಸೋಳು. ಆರಿಸಿದ ಮೇಲೂ ಒಂದೊಂದ್ಸಲ ಕುಟ್ಟೋರು. ಅದನ್ನ ಮಾತ್ರ ಯಾರೂ ಲೆಕ್ಕಕ್ಕೆ ಹಿಡೀತಿರ್ಲಿಲ್ಲ. ಈಯಮ್ಮ ಹಿಡೀತಿದ್ಳು.

ಒಂದು ಬೆಳಿಗ್ಗೆ ಹಿತ್ಲಾಗೆ ಲಡಿ ಒಣಗಾಕ್ತಾ ತಲೆ ಎತ್ತಿ ನೋಡಿದ್ಳು. ಮಾಳಿಗೆ ಮೇಲೆ ರಾಮಾಂಜಿನಮ್ಮನ ಬಚ್ಚಲ ಒಲೆ ಐತೆ, ತಾಮ್ರದ ಹಂಡೆ ಕೂರ್ಸಿದ್ದು. ದಿನಾ ಬೆಳಿಗ್ಗೆ ಹೊಗೆ ಬರೋದು, ಈಯಮ್ಮನ ಲಡಿಗೆ ಮಸಿ ಹಿಡೀತದೆ ಅಂತ ಅದ್ಕೂ ಒಂದು ಜಗಳ ಆಗಿತ್ತು. ಈಗ ಹೊಗೆ ಇಲ್ಲ. ಮಾರ್ನೇ ದಿನ ನೋಡಿದ್ಳು, ಇಲ್ಲ. ಉಗಾದಿ ಆದಾಗಿಂದ ಲಡಿ ಬೆಳ್ಳಗೇ ಐತಲ್ಲ ಅಂತ ಆವಾಗ ಹೊಳೀತು.

ಅದೇ ವಾರ ಗೇಟಿನ ಹತ್ರ ಹೂವಿನ ಮುತ್ಯಾಲಮ್ಮನ ಜೊತೆ ರಾಮಾಂಜಿನಮ್ಮ ಮಾತಾಡ್ತಾ ಇದ್ರು. ಎರ್ರಜ್ಜಿ ಬಾಗ್ಲು ಹಿಂದೆ.

"ನಂದು ಅಮಾವಾಸ್ಯೆ ಅಮಾವಾಸ್ಯೆಗೆ ತಣ್ಣೀರೇ ಕಣಮ್ಮ, ತಲೆ ಮೇಲೆ. ಅವತ್ತು ಮನೇಲಿ ಯಾರೂ ಬಿಸಿನೀರು ಮುಟ್ಟಂಗಿಲ್ಲ. ನನ್ ಮಗ ಹುಷಾರಾದಾಗ ಹೊತ್ತ ಹರಕೆ."

"ನಿಮ್ಮಷ್ಟು ನೇಮ ಯಾರು ಮಾಡ್ತಾರೆ ಬುಡವ್ವ" ಅಂದ್ಳು ಮುತ್ಯಾಲಮ್ಮ, ಹೂವು ಅಳೀತಾ.

ಎರ್ರಜ್ಜಿ ಬಾಗ್ಲು ಹಿಂದೆ ಹಂಗೇ ನಿಂತ್ಳು. ಅಮಾವಾಸ್ಯೆ ದಿನ ನಂಗೂ ರಜ, ಅಕ್ಕಯ್ಯನ ಬಿಸಿನೀರಿಗೂ ರಜ. ಮಿಕ್ಕ ದಿನ ಬಿಸಿನೀರು ಐತೆ, ಹೊಗೆ ಇಲ್ಲ. ಹೊಗೆ ಇಲ್ದೆ ನೀರು ಕಾಯೋದು ಎಂಗೆ?

ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ಅಮಾವಾಸ್ಯೆಗೆ ಮುಂಚೆ ಏನೋ ಒಂದು ಬದಲಾಯಿಸ್ಬುಡ್ತಾರೆ ಅಂತ ಅನುಮಾನ.

ವೈಶಾಖದ ಅಮಾವಾಸ್ಯೆ. ನಮ್ತಾತ ಗೋವಿಂದಪ್ಪನ ಬಸ್ಸಲ್ಲೇ ಬಂದಿಳಿದ್ರು. ಹೆಗಲ ಮೇಲೆ ಹಗ್ಗ, ಪಾತ್ರೆ ಪಗಡ ಕಟ್ಟಕ್ಕೆ. ಗೋವಿಂದಪ್ಪನೂ ಡ್ಯೂಟಿ ಇಳಿದು ಜೊತೇಲಿ ಬಂದ.

"ನಡಿ ಎರ್ರಮ್ಮ. ಮಧ್ಯಾಹ್ನದ ಬಸ್ಸಿಗೆ ಎರಡು ಸೀಟು ಹೇಳಿವ್ನಿ."

"ಕೂತ್ಕಣಣ್ಣ. ನೀರು ಕುಡಿ" ಅಂದ್ಳು. ಅಣ್ಣ ಲೋಟ ಎತ್ತಿದ್ರು. ಈಯಮ್ಮ ರಾಟೆ ಮೇಲಿನ ಬಟ್ಟೆ ತೆಗೆದ್ಳು, ಮುಂದೆ ಕೂತ್ಳು, ಮೋಟ್ರು ಹಾಕಿದ್ಳು. ಗುಯ್.

ನಮ್ತಾತನ ಕೈಯಾಗಿದ್ದ ನೀರು ಪಂಚೆ ಮೇಲೆ ಚೆಲ್ತು. "ಏಯ್, ಏನೇ ಇದು. ಇವತ್ತೇನು ದಿನ ಗೊತ್ತಾ ನಿಂಗೆ?"

"ಗೊತ್ತು."

"ನಮ್ಮಪ್ಪ ಸಾಯೋ ದಿನಾನೂ ಅಮಾವಾಸ್ಯೆ ಮುರೀಲಿಲ್ಲ ಕಣೆ. ಆರಿಸು. ಊರಾಗೆ ಗೊತ್ತಾದ್ರೆ ನನ್ ಮನೆ ನೂಲು ಯಾರೂ ಮುಟ್ಟಲ್ಲ."

"ನಿನ್ ಮನೆ ನೂಲಲ್ಲ ಇದು, ನಂದು. ಪಾಪ ಬಂದ್ರೆ ನನ್ ಸೊಟ್ಟ ಕೈಗೇ ಬರ್ಲಿ, ಇನ್ನೂ ಸೊಟ್ಟ ಆಗಕ್ಕೆ ಜಾಗ ಎಲ್ಲೈತೆ."

ಹೇಳಿದ್ಳೇ ಹೊರತು ಒಂದು ಎಳೆ ಕಿತ್ತೋಯ್ತು, ಗಂಟು ಹಾಕಕ್ಕೆ ಮೂರು ಸಲ ಆಯ್ತು. ಇದು ನಮ್ತಾತ ಹೇಳಿದ್ದು, ಈಯಮ್ಮ ಮಾತ್ರ ಒಪ್ಪಲ್ಲ.

ಅಮಾವಾಸ್ಯೆ ದಿನ ಮೋಟ್ರು ಸದ್ದು ಕೇಳಿ ಮೇಲಿನೋರೆಲ್ಲ ಇಳಿದು ಬಂದ್ರು. ನರಸಿಂಹಪ್ಪ ಬನಿಯನ್ ಮೇಲೇನೇ.

"ಹೋಗೋ ದಿನಾನೂ ಬಿಡಲ್ವೇನಮ್ಮ ನಮ್ಮನ್ನ?"

"ಒಂದೇ ಒಂದು ಕೆಲ್ಸ ಮಾಡಿ, ಆಮೇಲೆ ನಾನೇ ಗಂಟು ಕಟ್ತೀನಿ. ಆದಿಲಕ್ಷ್ಮಿ, ಮೇಲೆ ಹೋಗು. ಕೈ ಹಾಕ್ಬೇಡ. ಸ್ಟೀಲ್ ಬಿಂದಿಗೇನ ಒಣ ಬಟ್ಟೇಲಿ ಹಿಡ್ಕಂಡು ಕೊಳಾಯಿಗೂ ಗ್ಯಾಸ್ ಪೈಪಿಗೂ ತಾಗ್ಸು. ಮೊದ್ಲು ಕೆಳಗೆ ಸಿಲಿಂಡರ್‌ದೆಲ್ಲ ಆಫ್ ಮಾಡ್ಲಿ, ಕಿಟಕಿ ಎಲ್ಲ ತೆಗೀರಿ."

ಗೋವಿಂದಪ್ಪ ಗ್ಯಾಸ್ ಆಫ್ ಮಾಡಿ, ಹೆಂಡ್ತಿ ಹಿಂದೆ ಹೋಗಿ ಬಾಗ್ಲಲ್ಲಿ ನಿಂತ. ಕೆಳಗೆ ಮೋಟ್ರು ಓಡ್ತಾನೇ ಐತೆ. ಬಿಂದಿಗೆ ಟಣ್ ಅಂತು. ಕಿಡಿ ಇಲ್ಲ. ತಿರ್ಗ ಟಣ್. ಏನೂ ಇಲ್ಲ.

"ಏನೂ ಬರ್ಲಿಲ್ಲ ಎರ್ರಕ್ಕ" ಅಂತ ಆದಿಲಕ್ಷ್ಮಿ ಮೇಲಿಂದ ಕೂಗಿದ್ಳು.

ಈಗ ಎರ್ರಜ್ಜಿ ಮೋಟ್ರು ಆರಿಸಿದ್ಳು. ಆರಿಸಿ ಪ್ಲಗ್ಗು ಕಿತ್ತು ಅಣ್ಣನ ಕೈಗೆ ಕೊಟ್ಳು. "ಹಿಡ್ಕ. ಯಾರಿಗೂ ಕೊಡ್ಬೇಡ." ಆಮೇಲೆ ರಾಮಾಂಜಿನಮ್ಮನ ಕಡೆ ತಿರುಗಿದ್ಳು. "ಅಕ್ಕಯ್ಯ, ಈಗ ನಿಮ್ಮ ಬಚ್ಚಲಮನೆ ಸ್ವಿಚ್ಚು ಹಾಕಿ."

"ಯಾವ ಸ್ವಿಚ್ಚೇ?"

"ಹೊಗೆ ಇಲ್ದೆ ನೀರು ಕಾಯಿಸೋದು."

ರಾಮಾಂಜಿನಮ್ಮ ಗಂಡನ ಮುಖ ನೋಡಿದ್ರು. ನರಸಿಂಹಪ್ಪ ಬೆಲ್ಲದ ಗೋಡೌನ್ ಬೀಗ ನೋಡಿದ್ರು. ಅಷ್ಟೊತ್ತಿಗೆ ಆದಿಲಕ್ಷ್ಮಿ ಅರ್ಧ ಮೆಟ್ಲು ಇಳಿದು ನಿಂತಿದ್ಳು.

"ಗೀಸರ್ ಹಾಕ್ಸಿದೀರಾ? ನಮ್ಗೆ ನೀರಿಗೆ ಬರ, ದಿನಾ ಒಂದೊಂದು ಬಿಂದಿಗೆ ಕಮ್ಮಿ ಮಾಡ್ಕಳಿ ಅಂತ ಹೇಳ್ತಾ ಇದ್ರಲ್ಲ."

"ಮಂಡಿ ನೋವು ಕಣಮ್ಮ, ಬಿಸಿನೀರು ಬೇಕು ಅಂದ್ರು ಡಾಕ್ಟ್ರು" ಅಂದ್ರು ರಾಮಾಂಜಿನಮ್ಮ, ಮೆತ್ತಗೆ. "ಇವತ್ತು ಮಾತ್ರ ಹಾಕಲ್ಲ, ಹರಕೆ ಐತೆ."

"ಸ್ನಾನ ಮಾಡ್ಬೇಡಿ. ಸುಮ್ನೆ ಹಾಕಿ. ಹರಕೆ ಮುರಿಯಲ್ಲ. ನಾನು ಅಮಾವಾಸ್ಯೇನೇ ಮುರಿದು ಕೂತಿವ್ನಿ."

ನರಸಿಂಹಪ್ಪನೇ ಮೇಲೆ ಹೋಗಿ ಹಾಕಿದ್ರು, ಆ ಕರೆಂಟು ತಮ್ಮ ಮನೇದಲ್ಲ ಅಂತ ತೋರಿಸ್ಬೇಕು ಅನ್ನೋ ಜಂಬದಾಗೆ. ಆದಿಲಕ್ಷ್ಮಿ ವಾಪಸ್ ಹತ್ತಿ ಹೋಗಿ ಬಿಂದಿಗೆ ತಾಗ್ಸಿದ್ಳು. ಚಿಟ್. ಬಾಗ್ಲಲ್ಲಿದ್ದ ಗೋವಿಂದಪ್ಪ ಎರಡು ಹೆಜ್ಜೆ ಹಿಂದಕ್ಕೆ ಹಾರಿದ. ಆಮೇಲೆ ಕೆಳಗೆ ಬಗ್ಗಿ ಹೇಳಿದ, "ಬಂತು."

ಮುನೆಪ್ಪನ್ನ ಎಳ್ಕಂಡು ಬಂದ್ರು. ವಿಷ್ಯ ಕೇಳಿದ ತಕ್ಷಣ ಅವ್ನು ಎರಡು ಸಲ ಗಂಟ್ಲು ಸರಿ ಮಾಡ್ಕಂಡ. ಉಗಾದಿಗೆ ಆ ಗೀಸರ್ ಹಾಕಿದ್ದು ಅವ್ನೇ. ಅದ್ರ ಅರ್ತ್ ವೈರನ್ನ ಸುಲಭ ಅಂತ ನೀರಿನ ಪೈಪಿಗೇ ಸುತ್ತಿದ್ದೂ ಅವ್ನೇ.

"ಅಂದ್ರೆ ಗೊತ್ತಿದ್ದೂ ನನ್ ಮೇಲೆ ಹಾಕಿದೆ" ಅಂದ್ಳು ಎರ್ರಜ್ಜಿ.

"ಇಲ್ಲ ಕಣಕ್ಕ, ಗೊತ್ತಿರ್ಲಿಲ್ಲ. ಅನುಮಾನ ಇತ್ತು."

"ಅನುಮಾನ ನಿನ್ ಮೇಲೇ ಇದ್ರೆ ನೀನೇ ಇಟ್ಕಬೇಕಿತ್ತು. ನಂಗ್ಯಾಕೆ ಕೊಟ್ಟೆ?"

ಅವ್ನು ಹೇಳಿದ್ದು ಇಷ್ಟು. ಗೀಸರ್ ಒಳಗೆ ಕರೆಂಟು ಚೂರು ಸೋರ್ತಾ ಐತೆ. ನೀರಿನ ಪೈಪಿಂದ ಹಿತ್ಲ ಅರ್ತ್ ಗುಂಡಿಗೆ ಒಂದು ತಂತಿ ಐತೆ, ಸೋರಿದ್ದು ಅಲ್ಲಿಗಿಳಿದು ಭೂಮಿಗೆ ಹೋಗ್ಬೇಕು. ಗ್ಯಾಸ್ ಪೈಪು ನೆಲದೊಳಗಿಂದ್ಲೇ ಬಂದೈತೆ, ಅದು ಸುಮ್ನೆ ಐತೆ. ಸೋರಿದ್ದು ಭೂಮಿಗೆ ಹೋಗ್ದಿದ್ರೆ ನೀರಿನ ಪೈಪಲ್ಲೇ ನಿಲ್ತದೆ. ಎರಡು ಪೈಪೂ ಒಟ್ಟಿಗೆ ಹಿಡಿದೋರ ಮೈಯೊಳಗಿಂದ ದಾರಿ ಮಾಡ್ಕಂತದೆ.

"ಮತ್ತೆ ಗುಂಡಿಗೆ ಯಾಕೆ ಹೋಗ್ತಿಲ್ಲ?" ಅಂದ್ರು ನರಸಿಂಹಪ್ಪ.

ಹಿತ್ಲ ಮೂಲೇಲಿ ಚಪ್ಪಡಿ ಎತ್ತಿ ನೋಡಿದ್ರು. ಒಳಗೆ ಇದ್ದಲು, ಉಪ್ಪು, ಎಲ್ಲ ಒಣಗಿ ಪುಡಿ ಪುಡಿ. ಕಡ್ಡಿ ಹಾಕಿದ್ರೆ ಧೂಳು ಏಳ್ತದೆ. ಮುನೆಪ್ಪ ತಲೆ ಕೆರ್ಕಂಡ.

"ಗುಂಡಿ ಒಣಗಿದ್ರೆ ಕರೆಂಟು ಇಳಿಯಲ್ಲ ಸ್ವಾಮಿ. ಬೇಸಿಗೇಲಿ ನೀರು ಹುಯ್ಯಬೇಕು ಅಂತ ಕಟ್ಟಿದಾಗ್ಲೇ ಹೇಳಿದ್ದೆ. ಹೋದ ವರ್ಷ ಬಂದಾಗ ಒದ್ದೆ ಒದ್ದೆಯಾಗಿತ್ತು. ಯಾರು ಹುಯ್ತಿದ್ರು?"

ಎರ್ರಜ್ಜಿ ಆ ಮೂಲೆ ನೋಡಿದ್ಳು. ದಿನಾ ಹುಳದ ನೀರು ಚೆಲ್ತಿದ್ದ ಮೂಲೆ ಅದೇ. ಗೋಡೆ ಮೇಲೆ ಸೋಪಿನ ಬಿಳಿ ಕಲೆ ಇನ್ನೂ ಇತ್ತು. ನಮ್ತಾತ ಆ ಕಲೆ ನೋಡಿದ್ರು, ಮೂಸಿ ನೋಡಿದ್ರು. ಮಗ್ಗದೋರಿಗೆ ಆ ವಾಸ್ನೆ ಹೇಳ್ಕೊಡ್ಬೇಕಾ?

"ಅಲ್ಲ ಸ್ವಾಮಿ" ಅಂದ್ರು ನರಸಿಂಹಪ್ಪನಿಗೆ, "ನನ್ ತಂಗಿ ನಿಮ್ಮ ಮನೆ ಕಾಯ್ತಾ ಇದ್ಳು, ಸಂಬಳ ಇಲ್ದೆ. ಅದನ್ನ ನಿಲ್ಸಿದೋರು ಯಾರು?"

ನರಸಿಂಹಪ್ಪ ಹೆಂಡ್ತಿ ಕಡೆ ನೋಡ್ಲಿಲ್ಲ, ಅದು ದೊಡ್ತನ ಅನ್ಬೇಕು. "ಆಗಿದ್ದು ಆಯ್ತು ಬುಡಪ್ಪ. ಎರ್ರಮ್ಮ, ನೀನು ಎಲ್ಲಿಗೂ ಹೋಗ್ಬೇಡ. ಮೋಟ್ರು ಓಡ್ಲಿ. ಆ ನೀರು ಇನ್ಮೇಲೆ ಇಲ್ಲೇ ಹುಯ್ಯಿ."

"ಇವತ್ತು ಹುಯ್ಯಿ ಅಂತೀರ, ಮಳೆ ಬಂದು ಗುಂಡಿ ನೆಂದ ಮೇಲೆ ವಾಸ್ನೆ ಅಂತೀರ. ಬೇಡ ಅಂದಿದ್ದು ಅಕ್ಕಯ್ಯ. ಹುಯ್ಯಿ ಅಂತ ಅಕ್ಕಯ್ಯನೇ ಹೇಳ್ಲಿ, ಇವರೆಲ್ಲ ಕೇಳ್ಲಿ."

ರಾಮಾಂಜಿನಮ್ಮ ಸೆರಗು ಸರಿ ಮಾಡ್ಕಂಡ್ರು. "ಹುಯ್ಯಮ್ಮ. ಬೆಳಿಗ್ಗೆ ಪೂಜೆ ಹೊತ್ತಲ್ಲಿ ಮಾತ್ರ ಬೇಡ, ಸಾಯಂಕಾಲ ಹುಯ್ಯಿ."

"ಸಾಯಂಕಾಲಾನೇ ಹುಯ್ತೀನಿ" ಅಂದ್ಳು ಎರ್ರಜ್ಜಿ. ಅಷ್ಟಕ್ಕೆ ಒಪ್ಕಂಡ್ಳು.

ಮುನೆಪ್ಪ ಗೀಸರ್ ಆರಿಸಿದ. ಗುಂಡಿಗೆ ಹೊಸ ಇದ್ದಲು, ಉಪ್ಪು, ಬಿಂದಿಗೆಗಟ್ಲೆ ನೀರು. ಆಮೇಲೆ ದಪ್ಪ ತಾಮ್ರದ ತಂತಿ ತಗಂಡು ನೀರಿನ ಪೈಪಿಗೊಂದು ಪಟ್ಟಿ ಬಿಗಿದ, ಗ್ಯಾಸ್ ಪೈಪಿಗೊಂದು ಪಟ್ಟಿ ಬಿಗಿದ, ಎರಡನ್ನೂ ಸೇರ್ಸಿ ಗುಂಡಿಗೆ ಇಳಿಸಿದ. ಇದೇನಕ್ಕೆ, ಗುಂಡಿ ಸರಿ ಮಾಡಿದ್ರೆ ಸಾಲ್ದಾ ಅಂತ ಗೋವಿಂದಪ್ಪ ಕೇಳಿದ.

"ಗುಂಡಿ ತಿರ್ಗ ಒಣಗ್ಬೋದು, ಇನ್ಯಾವ್ದೋ ಮಿಷಿನ್ ಸೋರ್ಬೋದು. ಎರಡು ಪೈಪೂ ತಂತೀಲಿ ಸೇರಿದ್ರೆ ಒಂದ್ರಲ್ಲಿ ಎಷ್ಟೋ ಇನ್ನೊಂದ್ರಲ್ಲೂ ಅಷ್ಟೇ. ತಕ್ಕಡಿ ಎರಡು ತಟ್ಟೆ ಸಮ ಇದ್ರೆ ಮುಳ್ಳು ಅಲ್ಲಾಡ್ತದಾ? ಹಂಗೆ."

ತಕ್ಕಡಿ ಅಂದಿದ್ದಕ್ಕೆ ಎರ್ರಜ್ಜಿಗೆ ಅರ್ಥ ಆಯ್ತು, ನಂಬಿಕೆ ಮಾತ್ರ ಬರ್ಲಿಲ್ಲ. ತಕ್ಕಡಿ ಮೇಲೆ ಯಾವತ್ತು ನಂಬಿಕೆ ಇತ್ತು ಆಕೆಗೆ. ಆ ಸೋರೋ ಗೀಸರನ್ನೇ ತಿರ್ಗ ಹಾಕ್ಸಿ, ತಾನೇ ಬಿಂದಿಗೆ ಎತ್ಕಂಡು ಎರಡು ಅಂತಸ್ತು ಹತ್ತಿ, ಎರಡು ಅಡಿಗೆಮನೇಲೂ ತಾಗ್ಸಿ ತಾಗ್ಸಿ ನೋಡಿದ್ಳು. ಆಮೇಲೆ ಮುನೆಪ್ಪನ್ನ ಕರೆದು ಎಡಗೈ ಗ್ಯಾಸ್ ಪೈಪಿಗೆ, ಬಲಗೈ ಕೊಳಾಯಿಗೆ ಅವ್ನ ಕೈಲೇ ಇಡ್ಸಿದ್ಳು. ಅವ್ನು ಕಣ್ಣು ಮುಚ್ಕಂಡು ಇಟ್ಟ. ಏನೂ ಆಗ್ಲಿಲ್ಲ, ಆಮೇಲೇ ಗೀಸರ್ ಕೀಳಕ್ಕೆ ಬಿಟ್ಳು. ಆದಿಲಕ್ಷ್ಮಿ ನಕ್ಕಿದ್ದು ಉಗಾದಿ ಆದ ಮೇಲೆ ಅವತ್ತೇ ಅಂತೆ.

ಸಾಯಂಕಾಲದ ಬಸ್ಸಿಗೆ ನಮ್ತಾತ ಒಬ್ರೇ ಹೊರಟ್ರು, ಹೆಗಲ ಮೇಲೆ ಹಗ್ಗ ಹಂಗೇ ಸುತ್ಕಂಡು.

"ಅಮಾವಾಸ್ಯೆ ಮುರಿದೆ ಅಂತ ಊರಾಗೆ ಹೇಳ್ಬೇಡಣ್ಣ."

"ನಾನ್ಯಾಕೆ ಹೇಳ್ಲಿ."

"ಚಿನ್ನಕ್ಕಂಗೆ ಹೇಳ್ತೀಯ."

ನಮ್ತಾತ ಪಂಚೆ ಕೊಡವ್ಕಂಡು ಹೆಜ್ಜೆ ಹಾಕಿದ್ರು. ಮನೆಗೆ ಹೋಗಿ ಹೇಳೇ ಹೇಳಿದ್ರು, ಆ ವಿಷ್ಯ ಬುಡಿ.

ಅವ್ರನ್ನ ಗೇಟಿನ ತಂಕ ಕಳಿಸಿ ಎರ್ರಜ್ಜಿ ಹಿತ್ಲಿಗೆ ಬಂದ್ಳು. ಹೊತ್ತು ಮುಳುಗ್ತಾ ಇತ್ತು, ಹೊಸ ತಾಮ್ರದ ತಂತಿ ಗೋಡೆ ಮೇಲೆ ಕೆಂಪಗೆ ಹೊಳೀತಿತ್ತು. ತಾಮ್ರ ಕಣ್ರಪ್ಪ, ಗುಜರೀಲಿ ಯಾರು ಬೇಡ ಅಂತಾರೆ. ಬಿಚ್ಕಂಡು ಹೋದ್ರೆ ಮೇಲಿನೋರಿಗೆ ಜುಮ್ ಅಂತದೆ, ಮೇಲಿನೋರು ಮೊದ್ಲು ಯಾರ ಬಾಗ್ಲು ತಟ್ತಾರೆ ಅಂತ ಆಕೆಗೆ ಗೊತ್ತಿತ್ತು. ಮುನೆಪ್ಪನೇ ಬಂದು ಬಿಚ್ಚಲ್ಲ ಅಂತ ಏನು ಗ್ಯಾರಂಟಿ? ಸೊಂಟದಿಂದ ಒಂದು ಎಳೆ ಕೆಂಪು ರೇಷ್ಮೆ ತೆಗೆದ್ಳು. ತಂತಿ ಪೈಪಿಗೆ ಸೇರೋ ಪಟ್ಟಿ ಸುತ್ತ ಎರಡು ಸುತ್ತು ಹಾಕಿ, ನಮ್ಮ ಮಗ್ಗದೋರಿಗೆ ಬಿಟ್ರೆ ಬೇರೆಯೋರಿಗೆ ಹಾಕಕ್ಕೆ ಬರ್ದಿರೋ ಸಣ್ಣ ಗಂಟು ಹಾಕಿದ್ಳು, ಪಟ್ಟಿ ಸಡ್ಲ ಮಾಡ್ಬೇಕಂದ್ರೆ ಆ ಎಳೆ ಕಿತ್ತೇ ಹೋಗ್ಬೇಕು ಹಂಗೆ, ಯಾರಾದ್ರೂ ಮುಟ್ಟಿದ್ರೆ ಗೊತ್ತಾಗ್ಲಿ ಅಂತ. ಗ್ಯಾಸ್ ಪೈಪಿಗೂ ಒಂದು ಕಟ್ಟಿದ್ಳು. ಎರಡನ್ನೂ ಉಗುರಲ್ಲಿ ಮೀಟಿ ನೋಡಿದ್ಳು, ಹಲ್ಲಲ್ಲಿ ತುದಿ ಕಡಿದ್ಳು, ಒಳಕ್ಕೆ ಹೋಗಿ ಅಗಳಿ ಹಾಕ್ಕಂಡ್ಳು.